ಅಪ್‌ಡೇಟ್ ಆದ ಮೇಲೆ ಯುಎಸ್‌ಬಿ ಹೆಡ್‌ಸೆಟ್ ಮೂಕವಾದರೆ

ರಾತ್ರಿ ಲ್ಯಾಪ್‌ಟಾಪ್ ತಾನಾಗಿಯೇ ಅಪ್‌ಡೇಟ್ ಮಾಡಿಕೊಂಡಿರುತ್ತದೆ. ಬೆಳಿಗ್ಗೆ ತೆರೆದರೆ ಎಲ್ಲವೂ ಮೊದಲಿನಂತೆಯೇ ಕಾಣುತ್ತದೆ, ಆದರೆ ಯುಎಸ್‌ಬಿ ಹೆಡ್‌ಸೆಟ್‌ನಲ್ಲಿ ಸದ್ದಿಲ್ಲ. ಅಥವಾ ಅತ್ತ ಕಡೆಯವರ ಮಾತು ನಿಮಗೆ ಕೇಳಿಸುತ್ತದೆ, ನಿಮ್ಮ ಮಾತು ಅವರಿಗೆ ಕೇಳಿಸುವುದಿಲ್ಲ. ಇಲ್ಲವೇ ಹಾಡಿನ ನಡುವೆ ಕರಕರ ಎನ್ನುತ್ತದೆ. ಮೂರೂ ಬೇರೆ ಬೇರೆ ತೊಂದರೆಗಳು, ಮೂರಕ್ಕೂ ಬೇರೆ ಬೇರೆ ಪರಿಹಾರಗಳಿವೆ.

ತಮಿಳುನಾಡಿನ ಪಾಲಕೋಡಿನಂಥ ಊರಿಗೆ ಇದು ಸಣ್ಣ ತೊಂದರೆಯಲ್ಲ. ಧರ್ಮಪುರಿಯಿಂದ ರಾಯಕೋಟೆ, ಹೊಸೂರು ದಾಟಿ ಬೆಂಗಳೂರಿಗೆ ಹೋಗುವ ರೈಲುಮಾರ್ಗದ ಮೇಲಿರುವ ಈ ಊರು ಟೊಮೆಟೊ ಮಾರುಕಟ್ಟೆಗೂ ಸಹಕಾರಿ ಸಕ್ಕರೆ ಕಾರ್ಖಾನೆಗೂ ಹೆಸರಾದದ್ದು. ಇಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವರಿಗೆ, ಆನ್‌ಲೈನ್ ಪಾಠ ಕೇಳುವ ಮಕ್ಕಳಿಗೆ, ಸಂದರ್ಶನಕ್ಕೆ ಕೂರುವ ಪದವೀಧರರಿಗೆ ಹೆಡ್‌ಸೆಟ್ ಕೈಕೊಟ್ಟರೆ ಆ ದಿನವೇ ಕೈಬಿಟ್ಟಂತೆ. ಇನ್ನೂ ಒಂದು ಮಾತಿದೆ. ಈ ಭಾಗದ ಕನ್ನಡ ಮನೆಗಳಲ್ಲಿ ಓದು ಬರಹ ಬಹುಪಾಲು ತಮಿಳಿನಲ್ಲಿ. ಕನ್ನಡ ಉಳಿದಿರುವುದು ನಾಲಿಗೆಯ ಮೇಲೆ, ಕಿವಿಯಲ್ಲಿ. ಅಜ್ಜಿಯ ಹಾಡನ್ನೋ ತಾತನ ಕತೆಯನ್ನೋ ಮೈಕಿನಲ್ಲಿ ಹಿಡಿದಿಡಲು ಹೊರಟವರಿಗೆ ಆ ಮೈಕು ಕೆಲಸ ಮಾಡುವುದು ಬಹಳ ಮುಖ್ಯ.

ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಅಪ್‌ಡೇಟ್ ಆದ ಮರುದಿನ ಸದ್ದು ನಿಂತಿದ್ದರೆ ಸಾಮಾನ್ಯವಾಗಿ ಹೆಡ್‌ಸೆಟ್ ಕೆಟ್ಟಿರುವುದಿಲ್ಲ. ಹೊಸದು ತರಲು ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಓಡಬೇಕಿಲ್ಲ, ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿಸಬೇಕಿಲ್ಲ. ಸುಲಭದ್ದನ್ನು ಮೊದಲು, ಕಷ್ಟದ್ದನ್ನು ಕೊನೆಗೆ ಎಂದು ಒಂದೊಂದಾಗಿ ನೋಡುತ್ತ ಹೋದರೆ ಬಹಳಷ್ಟು ತೊಂದರೆಗಳು ಮನೆಯಲ್ಲೇ ಬಗೆಹರಿಯುತ್ತವೆ.

ಯುಎಸ್‌ಬಿ ಸಾಧನ ಹೇಗೆ ಬೇರೆ?

ಹಳೆಯ ದುಂಡು ಪಿನ್ನಿನ ಇಯರ್‌ಫೋನಿಗೆ ಕಂಪ್ಯೂಟರೇ ಸದ್ದು ಸಿದ್ಧಮಾಡಿ ಕಳಿಸುತ್ತದೆ. ಯುಎಸ್‌ಬಿ ಹೆಡ್‌ಸೆಟ್ ಹಾಗಲ್ಲ. ಅದರೊಳಗೆ ಅದರದೇ ಪುಟ್ಟ ಸೌಂಡ್ ಕಾರ್ಡ್ ಇರುತ್ತದೆ. ಕಂಪ್ಯೂಟರ್ ಕಳಿಸುವ ಅಂಕಿಗಳನ್ನು ಸದ್ದಾಗಿ ಬದಲಿಸುವ ಡ್ಯಾಕ್, ನಮ್ಮ ದನಿಯನ್ನು ಅಂಕಿಗಳಾಗಿ ಬದಲಿಸುವ ಎಡಿಸಿ, ಎರಡೂ ಅಲ್ಲೇ ಇರುತ್ತವೆ. ಕಂಪ್ಯೂಟರಿಗೂ ಈ ಕಾರ್ಡಿಗೂ ನಡುವೆ ಡ್ರೈವರ್ ಎಂಬ ತಂತ್ರಾಂಶ ದುಭಾಷಿಯಂತೆ ಕೆಲಸ ಮಾಡುತ್ತದೆ. ಅಪ್‌ಡೇಟ್ ಆದಾಗ ಈ ಡ್ರೈವರ್ ಬದಲಾಗಬಹುದು, ಇಲ್ಲವೇ ಅದು ನಂಬಿಕೊಂಡಿದ್ದ ವ್ಯವಸ್ಥೆ ಬದಲಾಗಬಹುದು. ಸಾಧನ ಗಟ್ಟಿಮುಟ್ಟಾಗಿಯೇ ಇರುತ್ತದೆ, ಇಬ್ಬರ ನಡುವಿನ ಮಾತುಕತೆ ಮಾತ್ರ ನಿಂತಿರುತ್ತದೆ.

ಯುಎಸ್‌ಬಿ ಧ್ವನಿಗೆ ಎಲ್ಲ ಕಂಪನಿಗಳೂ ಒಪ್ಪಿದ ಮಾನದಂಡಗಳಿವೆ. ಮೊದಲನೆಯದು, ಆಡಿಯೊ ಕ್ಲಾಸ್ 1, ಬಂದದ್ದು 1998ರಲ್ಲಿ, ಎರಡನೆಯದು 2006ರಲ್ಲಿ. ಅಗ್ಗದ ಹೆಡ್‌ಸೆಟ್‌ಗಳು, ಸಾಮಾನ್ಯ ಮೈಕುಗಳು ಹೆಚ್ಚಾಗಿ ಮೊದಲನೆಯದನ್ನೇ ಬಳಸುತ್ತವೆ. ಸಂಗೀತಗಾರರು, ಧ್ವನಿಮುದ್ರಣ ಮಾಡುವವರು ಬಳಸುವ ಆಡಿಯೊ ಇಂಟರ್‌ಫೇಸ್‌ಗಳಲ್ಲಿ ಹಲವು ಎರಡನೆಯದನ್ನು ಬಳಸುತ್ತವೆ. ಇದಕ್ಕೆ ವಿಂಡೋಸ್‌ನಲ್ಲಿ ಒಳಗಿನಿಂದಲೇ ಬೆಂಬಲ ಸಿಕ್ಕಿದ್ದು 2017ರಲ್ಲಿ, ವಿಂಡೋಸ್ 10ರ 1703 ಆವೃತ್ತಿಯಲ್ಲಿ. ಅದಕ್ಕೂ ಮೊದಲಿನ ಇಂಟರ್‌ಫೇಸ್‌ಗಳು ಕಂಪನಿ ಕೊಟ್ಟ ಡ್ರೈವರನ್ನೇ ನಂಬಿಕೊಂಡಿದ್ದವು. ಅಪ್‌ಡೇಟ್ ಬಂದಾಗ ಇಂಥವು ತೊಡರುವುದುಂಟು.

2025ರ ಸಂಕ್ರಾಂತಿಯ ಪ್ರಕರಣ

ತಪ್ಪು ಅಪ್‌ಡೇಟಿನದೇ ಆಗಿರಬಹುದು ಎಂಬುದಕ್ಕೆ ಇತ್ತೀಚಿನ ಒಂದು ಉದಾಹರಣೆ ಇದೆ. 2025ರ ಜನವರಿ 14ರಂದು, ನಮ್ಮಲ್ಲಿ ಸಂಕ್ರಾಂತಿ, ಪೊಂಗಲ್ ಆಚರಿಸುತ್ತಿದ್ದ ದಿನ, ಮೈಕ್ರೋಸಾಫ್ಟ್ ಆ ತಿಂಗಳ ಸುರಕ್ಷತಾ ಅಪ್‌ಡೇಟ್ ಬಿಡುಗಡೆ ಮಾಡಿತು. ವಿಂಡೋಸ್ 10ರಲ್ಲಿ ಅದರ ಸಂಖ್ಯೆ ಕೆಬಿ5049981. ಅದು ಬಂದ ಮೇಲೆ ಕೆಲವು ಯುಎಸ್‌ಬಿ ಧ್ವನಿ ಸಾಧನಗಳು, ಅದರಲ್ಲೂ ಆಡಿಯೊ ಕ್ಲಾಸ್ 1ರ ಡ್ರೈವರ್ ಬಳಸುವ, ಹೊರಗೆ ಪ್ರತ್ಯೇಕ ಪೆಟ್ಟಿಗೆಯಾಗಿ ಬರುವ ಡ್ಯಾಕ್‌ಗಳು, ಕೆಲಸ ನಿಲ್ಲಿಸಿದವು. ಸಾಧನಗಳ ಸ್ಥಿತಿ ತೋರಿಸುವ ಡಿವೈಸ್ ಮ್ಯಾನೇಜರಿನಲ್ಲಿ ಈ ಸಾಧನವನ್ನು ಆರಂಭಿಸಲಾಗುತ್ತಿಲ್ಲ ಎಂಬ ಅರ್ಥದ ಕೋಡ್ 10 ದೋಷ ಕಾಣಿಸುತ್ತಿತ್ತು.

ಮೈಕ್ರೋಸಾಫ್ಟ್ ಈ ದೋಷವನ್ನು ಒಪ್ಪಿಕೊಂಡಿತು. ಸರಿಪಡಿಸುವವರೆಗೆ ಹೊರಗಿನ ಡ್ಯಾಕ್ ಬಿಟ್ಟು ಹೆಡ್‌ಫೋನನ್ನು ನೇರವಾಗಿ ಕಂಪ್ಯೂಟರಿಗೇ ಚುಚ್ಚಿಕೊಳ್ಳಿ ಎಂದು ಸೂಚಿಸಿತು. ಆ ತಿಂಗಳ ಕೊನೆಯಲ್ಲಿ ಬಂದ ಐಚ್ಛಿಕ ಅಪ್‌ಡೇಟಿನಲ್ಲಿ ಪರಿಹಾರವೂ ಬಂತು. ಆ ಎರಡು ವಾರಗಳಲ್ಲಿ ಹಳೆಯ ಡ್ಯಾಕ್ ಎಸೆದು ಹೊಸದು ಕೊಂಡವರು ಸುಮ್ಮನೆ ದುಡ್ಡು ಕಳೆದುಕೊಂಡರು. ಕಾದವರಿಗೆ ಹಳೆಯದೇ ಮತ್ತೆ ಸಿಕ್ಕಿತು.

ಇದರಿಂದ ಕಲಿಯಬೇಕಾದ ಒಂದು ಲೆಕ್ಕವಿದೆ. ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ಸುರಕ್ಷತಾ ಅಪ್‌ಡೇಟ್ ಬಿಡುತ್ತದೆ. ಅದು ಹೊರಬೀಳುವುದು ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೆಳಿಗ್ಗೆ ಹತ್ತಕ್ಕೆ, ಆಗ ನಮ್ಮಲ್ಲಿ ರಾತ್ರಿ ಹತ್ತೂವರೆ ಅಥವಾ ಹನ್ನೊಂದೂವರೆ. ಹಾಗಾಗಿ ನಮ್ಮ ಯಂತ್ರಗಳಿಗೆ ಅದು ಸೇರುವುದು ಬುಧವಾರ ಅಥವಾ ಆಮೇಲೆ. ಆ ವಾರದ ಬುಧ, ಗುರುವಾರಗಳಲ್ಲಿ ಇದ್ದಕ್ಕಿದ್ದಂತೆ ಸದ್ದು ನಿಂತರೆ ಅಪ್‌ಡೇಟಿನ ಮೇಲೆ ಅನುಮಾನ ಪಡಲು ಕಾರಣವಿದೆ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಅಪ್‌ಡೇಟ್ ಹಿಸ್ಟರಿ ತೆರೆದರೆ ಯಾವ ತಾರೀಖಿಗೆ ಏನು ಬಂತು ಎಂಬುದು ಕಾಣುತ್ತದೆ. ಆ ಕೆಬಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲು ವೈರು, ಪೋರ್ಟು, ಮೊಬೈಲು

ಹೆಡ್‌ಸೆಟ್ ತೆಗೆಯಿರಿ. ಕಂಪ್ಯೂಟರನ್ನು ಶಟ್‌ಡೌನ್ ಮಾಡಬೇಡಿ, ರೀಸ್ಟಾರ್ಟ್ ಮಾಡಿ. ಹಲವು ಯಂತ್ರಗಳಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಚಾಲೂ ಇರುವುದರಿಂದ ಶಟ್‌ಡೌನ್ ಮಾಡಿದಾಗ ವ್ಯವಸ್ಥೆಯ ಒಂದು ಭಾಗ ಹಳೆಯ ಸ್ಥಿತಿಯಲ್ಲೇ ಉಳಿದು ಮತ್ತೆ ಬರುತ್ತದೆ. ಪೂರ್ತಿ ಹೊಸದಾಗಿ ಶುರುವಾಗುವುದು ರೀಸ್ಟಾರ್ಟ್ ಮಾಡಿದಾಗಲೇ. ಅದಾದ ಮೇಲೆ ಹೆಡ್‌ಸೆಟ್ಟನ್ನು ಬೇರೆ ಪೋರ್ಟಿಗೆ ಚುಚ್ಚಿ.

ಯುಎಸ್‌ಬಿ ಹಬ್ ಬಳಸುತ್ತಿದ್ದರೆ ಅದನ್ನು ಬದಿಗಿಟ್ಟು ನೇರವಾಗಿ ಕಂಪ್ಯೂಟರಿಗೇ ಚುಚ್ಚಿ. ಯುಎಸ್‌ಬಿ 2 ಪೋರ್ಟು ಕೊಡುವುದು 500 ಮಿಲಿಆಂಪಿಯರ್ ವಿದ್ಯುತ್, ಯುಎಸ್‌ಬಿ 3 ಕೊಡುವುದು 900. ಒಂದೇ ಹಬ್ಬಿನಲ್ಲಿ ಮೌಸ್, ಪೆನ್‌ಡ್ರೈವ್, ಮೈಕು ಎಲ್ಲ ಕೂತರೆ ಆ ವಿದ್ಯುತ್ತನ್ನೇ ಹಂಚಿಕೊಳ್ಳಬೇಕು. ಡೆಸ್ಕ್‌ಟಾಪ್ ಆದರೆ ಹಿಂಬದಿಯ ಪೋರ್ಟುಗಳನ್ನು ಬಳಸಿ, ಅವು ಮದರ್‌ಬೋರ್ಡಿಗೇ ಅಂಟಿಕೊಂಡಿರುತ್ತವೆ. ಮೈಕಿನ ವೈರು ಬಿಚ್ಚಿ ತೆಗೆಯುವಂಥದ್ದಾದರೆ ಇನ್ನೊಂದು ವೈರು ಹಾಕಿ ನೋಡಿ. ಮೊಬೈಲ್ ಚಾರ್ಜರಿನ ಜೊತೆ ಬರುವ ಕೆಲವು ವೈರುಗಳಲ್ಲಿ ವಿದ್ಯುತ್ ಮಾತ್ರ ಹರಿಯುತ್ತದೆ, ದತ್ತಾಂಶ ಹರಿಯುವುದಿಲ್ಲ. ದೀಪ ಉರಿದರೂ ಮೈಕು ಕೆಲಸ ಮಾಡದಿರುವುದಕ್ಕೆ ಇದೂ ಕಾರಣ.

ಸಾಧನ ಚೆನ್ನಾಗಿದೆಯೇ ಎಂದು ತಿಳಿಯಲು ಎರಡನೇ ಕಂಪ್ಯೂಟರ್ ಎಲ್ಲರ ಮನೆಯಲ್ಲೂ ಇರುವುದಿಲ್ಲ. ಮೊಬೈಲ್ ಇರುತ್ತದೆ. ಆಂಡ್ರಾಯ್ಡ್ 5ರಿಂದ ಈಚಿನ ಹಲವು ಫೋನುಗಳು ಯುಎಸ್‌ಬಿ ಧ್ವನಿ ಸಾಧನಗಳನ್ನು ಗುರುತಿಸಬಲ್ಲವು. ಒಂದು ಒಟಿಜಿ ಅಡಾಪ್ಟರ್ ಹಾಕಿ ಹೆಡ್‌ಸೆಟ್ಟನ್ನು ಫೋನಿಗೆ ಚುಚ್ಚಿ ಹಾಡು ಹಾಕಿ ನೋಡಿ. ಅಲ್ಲಿ ಸದ್ದು ಬಂದರೆ ಸಾಧನ ಸರಿಯಾಗಿದೆ, ಹುಡುಕಬೇಕಾದದ್ದು ಕಂಪ್ಯೂಟರಿನಲ್ಲಿ. ಅಲ್ಲಿ ಬಾರದಿದ್ದರೆ ಸಾಧನ ಕೆಟ್ಟಿದೆ ಎಂಬ ತೀರ್ಮಾನಕ್ಕೆ ಬರಬೇಡಿ, ಎಲ್ಲ ಫೋನುಗಳೂ ಎಲ್ಲ ಸಾಧನಗಳಿಗೆ ಸಾಕಷ್ಟು ವಿದ್ಯುತ್ ಕೊಡುವುದಿಲ್ಲ.

ಸದ್ದು ಬೇರೆಡೆ ಹೋಗುತ್ತಿದೆಯೇ?

ಅಪ್‌ಡೇಟ್ ಆದ ಮೇಲೆ ಧ್ವನಿ ಎಲ್ಲಿಗೆ ಹೋಗಬೇಕು ಎಂಬ ಆಯ್ಕೆ ಕೆಲವೊಮ್ಮೆ ಬದಲಾಗಿಬಿಡುತ್ತದೆ. ಸದ್ದು ಹುಟ್ಟುತ್ತಲೇ ಇರುತ್ತದೆ, ಆದರೆ ಮಾನಿಟರಿಗೋ ಲ್ಯಾಪ್‌ಟಾಪಿನ ಸ್ಪೀಕರಿಗೋ ಹೋಗುತ್ತಿರುತ್ತದೆ. ಸೆಟ್ಟಿಂಗ್ಸ್, ಸಿಸ್ಟಂ, ಸೌಂಡ್ ತೆರೆಯಿರಿ. ಔಟ್‌ಪುಟ್ ಪಟ್ಟಿಯಲ್ಲಿ ನಿಮ್ಮ ಹೆಡ್‌ಸೆಟ್ ಹೆಸರನ್ನು ಆರಿಸಿ, ಇನ್‌ಪುಟ್ ಪಟ್ಟಿಯಲ್ಲಿ ಅದರ ಮೈಕನ್ನು ಆರಿಸಿ. ಮಾತಾಡಿದಾಗ ಇನ್‌ಪುಟ್ ಮಟ್ಟ ತೋರಿಸುವ ಗೆರೆ ಕುಣಿದರೆ ಮೈಕು ಕಂಪ್ಯೂಟರಿನವರೆಗೆ ತಲುಪಿದೆ ಎಂದರ್ಥ.

ಅಲ್ಲೇ ವಾಲ್ಯೂಮ್ ಮಿಕ್ಸರ್ ಇದೆ. ಒಂದೊಂದು ಆ್ಯಪಿಗೂ ಬೇರೆ ಬೇರೆ ಸಾಧನ ಆರಿಸುವ ಅವಕಾಶ ಅಲ್ಲಿದೆ, ಹಾಗಾಗಿ ಬ್ರೌಸರಿನಲ್ಲಿ ಸದ್ದು ಬಂದು ಬೇರೆ ಆ್ಯಪಿನಲ್ಲಿ ಬಾರದಿದ್ದರೆ ಅದನ್ನು ನೋಡಿ. ಝೂಮ್, ಟೀಮ್ಸ್, ಗೂಗಲ್ ಮೀಟ್‌ಗಳಿಗೆ ತಮ್ಮದೇ ಧ್ವನಿ ಆಯ್ಕೆಗಳಿವೆ. ವಿಂಡೋಸ್‌ನಲ್ಲಿ ಸರಿಮಾಡಿದರೂ ಇವು ಹಳೆಯ ಸಾಧನವನ್ನೇ ಹುಡುಕುತ್ತಿರಬಹುದು. ಸಂದರ್ಶನಕ್ಕೆ ಕೂರುವ ಮೊದಲು ಆ ಆ್ಯಪಿನ ಒಳಗಿನ ಪರೀಕ್ಷಾ ಸೌಲಭ್ಯ ಬಳಸಿ ಒಮ್ಮೆ ಕೇಳಿಕೊಳ್ಳಿ.

ಕೇಳಿಸುತ್ತದೆ, ಆದರೆ ಮೈಕು ಇಲ್ಲ

ಇದು ಹೆಚ್ಚಾಗಿ ಅನುಮತಿಯ ಪ್ರಶ್ನೆ. ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಆ್ಯಂಡ್ ಸೆಕ್ಯುರಿಟಿ, ಅದರೊಳಗೆ ಮೈಕ್ರೊಫೋನ್ ತೆರೆಯಿರಿ. ಅಲ್ಲಿ ಮೂರು ಹಂತದ ಅನುಮತಿಗಳಿವೆ: ಇಡೀ ಯಂತ್ರಕ್ಕೆ, ಆ್ಯಪುಗಳಿಗೆ, ಡೆಸ್ಕ್‌ಟಾಪ್ ಆ್ಯಪುಗಳಿಗೆ. ಧ್ವನಿಮುದ್ರಣಕ್ಕೆ ಬಳಸುವ ಆಡಾಸಿಟಿಯಂಥ ತಂತ್ರಾಂಶಗಳು ಬರುವುದು ಮೂರನೆಯದರ ಕೆಳಗೆ, ಮತ್ತು ಎಲ್ಲರೂ ಮರೆಯುವುದು ಅದನ್ನೇ. ಬ್ರೌಸರಿನಲ್ಲಿ ಮಾತಾಡುವುದಾದರೆ ವಿಳಾಸಪಟ್ಟಿಯ ಎಡಗಡೆಯ ಚಿಹ್ನೆ ಒತ್ತಿ ಆ ಜಾಲತಾಣಕ್ಕೂ ಮೈಕಿನ ಅನುಮತಿ ಕೊಟ್ಟಿದೆಯೇ ನೋಡಿ. ಹೆಡ್‌ಸೆಟ್ ವೈರಿನ ಮೇಲೆ ಇರುವ ಮ್ಯೂಟ್ ಗುಂಡಿಯನ್ನೂ ಒಮ್ಮೆ ನೋಡಿಬಿಡಿ.

ಡಿವೈಸ್ ಮ್ಯಾನೇಜರ್ ಏನು ಹೇಳುತ್ತದೆ?

ಇಷ್ಟಾದರೂ ಸರಿಹೋಗದಿದ್ದರೆ ವಿಂಡೋಸ್ ಕೀಲಿಯ ಜೊತೆ ಎಕ್ಸ್ ಒತ್ತಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಸೌಂಡ್, ವಿಡಿಯೊ ಆ್ಯಂಡ್ ಗೇಮ್ ಕಂಟ್ರೋಲರ್ಸ್ ಎಂಬಲ್ಲಿ ನಿಮ್ಮ ಸಾಧನದ ಹೆಸರಿನ ಮೇಲೆ ಹಳದಿ ಗುರುತು ಇದ್ದರೆ ಅದನ್ನು ಎರಡು ಬಾರಿ ಕ್ಲಿಕ್ ಮಾಡಿ. ಅಲ್ಲಿರುವ ಕೋಡ್ ಸಂಖ್ಯೆಯೇ ರೋಗದ ಗುರುತು.

ಕೋಡ್ 10: ಸಾಧನ ಕಂಡಿದೆ, ಆದರೆ ಶುರುವಾಗುತ್ತಿಲ್ಲ. ಡ್ರೈವರ್ ಅಥವಾ ಅಪ್‌ಡೇಟಿನ ಮೇಲೆ ಮೊದಲ ಅನುಮಾನ.

ಕೋಡ್ 28: ಡ್ರೈವರೇ ಇಲ್ಲ.

ಕೋಡ್ 43: ಸಾಧನವೇ ತೊಂದರೆ ವರದಿ ಮಾಡಿದ್ದರಿಂದ ವಿಂಡೋಸ್ ಅದನ್ನು ನಿಲ್ಲಿಸಿದೆ. ವೈರು, ಪೋರ್ಟು, ಸಾಧನ ಇವನ್ನು ಮತ್ತೆ ನೋಡಿ.

ಕೋಡ್ 45: ಸಾಧನ ಈಗ ಯಂತ್ರಕ್ಕೆ ಸೇರಿಲ್ಲ.

ಕೋಡ್ 10 ಇದ್ದರೆ ಸಾಧನದ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ ಅನ್‌ಇನ್‌ಸ್ಟಾಲ್ ಡಿವೈಸ್ ಆರಿಸಿ, ಹೆಡ್‌ಸೆಟ್ ತೆಗೆದು, ರೀಸ್ಟಾರ್ಟ್ ಮಾಡಿ ಮತ್ತೆ ಚುಚ್ಚಿ. ವಿಂಡೋಸ್ ಅದನ್ನು ಹೊಸದಾಗಿ ಗುರುತಿಸುತ್ತದೆ. ಅದೂ ಆಗದಿದ್ದರೆ ಪ್ರಾಪರ್ಟೀಸ್‌ನ ಡ್ರೈವರ್ ಪುಟದಲ್ಲಿ ರೋಲ್ ಬ್ಯಾಕ್ ಡ್ರೈವರ್ ಗುಂಡಿ ಒತ್ತಲು ಬರುತ್ತಿದೆಯೇ ನೋಡಿ. ಬಂದರೆ ಹಳೆಯ ಡ್ರೈವರಿಗೆ ಹಿಂದಿರುಗಬಹುದು. ಇನ್ನೊಂದು ದಾರಿ, ಅಪ್‌ಡೇಟ್ ಡ್ರೈವರ್ ಒತ್ತಿ, ಕಂಪ್ಯೂಟರಿನಲ್ಲೇ ಇರುವ ಪಟ್ಟಿಯಿಂದ ನಾನೇ ಆರಿಸುತ್ತೇನೆ ಎಂಬ ಆಯ್ಕೆಗೆ ಹೋಗಿ, ಮೈಕ್ರೋಸಾಫ್ಟಿನ ಸಾಮಾನ್ಯ ಯುಎಸ್‌ಬಿ ಆಡಿಯೊ ಡ್ರೈವರ್ ಆರಿಸುವುದು. ಕಂಪನಿಯ ಡ್ರೈವರ್ ಹೊಸ ವ್ಯವಸ್ಥೆಗೆ ಹೊಂದದಿದ್ದಾಗ ಇದು ಹಲವು ಸಲ ಕೆಲಸ ಮಾಡುತ್ತದೆ.

ಕೋಡ್ 28 ಇದ್ದು, ನೀವು ಮೊಬೈಲ್ ಹಾಟ್‌ಸ್ಪಾಟ್ ಬಳಸುವವರಾದರೆ ಒಂದು ಗುಟ್ಟು ತಿಳಿದಿರಲಿ. ಡೇಟಾ ಉಳಿಸಲು ಆ ಸಂಪರ್ಕವನ್ನು ಮೀಟರ್ಡ್ ಎಂದು ಗುರುತು ಹಾಕಿದ್ದರೆ ವಿಂಡೋಸ್ ಡ್ರೈವರುಗಳನ್ನೂ ಇಳಿಸಿಕೊಳ್ಳದೆ ಇರಬಹುದು. ಬ್ಲೂಟೂತ್ ಆ್ಯಂಡ್ ಡಿವೈಸಸ್ ಎಂಬಲ್ಲಿ ಡಿವೈಸಸ್ ಪುಟದ ಕೆಳಗೆ ಮೀಟರ್ಡ್ ಸಂಪರ್ಕದಲ್ಲೂ ಡ್ರೈವರ್ ಇಳಿಸಿಕೊಳ್ಳುವ ಅನುಮತಿ ಇದೆ. ಕೆಲಸ ಮುಗಿಯುವವರೆಗೆ ಅದನ್ನು ಚಾಲೂ ಮಾಡಿ. ಡ್ರೈವರ್ ಬೇಕಾದರೆ ಸಾಧನ ತಯಾರಿಸಿದ ಕಂಪನಿಯ ಜಾಲತಾಣದಿಂದಲೇ ತನ್ನಿ. ಉಚಿತವಾಗಿ ಎಲ್ಲ ಡ್ರೈವರ್ ಸರಿಮಾಡುತ್ತೇವೆ ಎನ್ನುವ ತಂತ್ರಾಂಶಗಳನ್ನು ಮುಟ್ಟಬೇಡಿ.

ಯಾವ ಸಾಧನದಲ್ಲೂ ಸದ್ದಿಲ್ಲ, ಲ್ಯಾಪ್‌ಟಾಪಿನ ಸ್ಪೀಕರಿನಲ್ಲೂ ಇಲ್ಲ ಎಂದಾದರೆ ಸರ್ವಿಸಸ್ ತೆರೆದು ವಿಂಡೋಸ್ ಆಡಿಯೊ, ವಿಂಡೋಸ್ ಆಡಿಯೊ ಎಂಡ್‌ಪಾಯಿಂಟ್ ಬಿಲ್ಡರ್ ಎಂಬ ಎರಡನ್ನೂ ರೀಸ್ಟಾರ್ಟ್ ಮಾಡಿ.

ಕರಕರ, ತಡೆತಡೆದು ಬರುವ ಸದ್ದು

ಸದ್ದು ಬರುತ್ತದೆ, ಆದರೆ ಹರಿದು ಬರುತ್ತದೆ ಎಂದರೆ ಸಾಧನವೂ ಯಂತ್ರವೂ ಬೇರೆ ಬೇರೆ ವೇಗದಲ್ಲಿ ನಡೆಯುತ್ತಿರಬಹುದು. ಸೌಂಡ್ ಪುಟದಲ್ಲಿ ಸಾಧನದ ಹೆಸರು ಒತ್ತಿ ಫಾರ್ಮ್ಯಾಟ್ ಎಂಬಲ್ಲಿ 16 ಬಿಟ್, 48000 ಹರ್ಟ್ಸ್ ಆರಿಸಿ. ಸಿ.ಡಿ. ಸಂಗೀತ 44100 ಹರ್ಟ್ಸ್‌ನದು, ವಿಡಿಯೊ ಧ್ವನಿ ಸಾಮಾನ್ಯವಾಗಿ 48000ದ್ದು. ಮಾತುಕತೆಗೆ ಎರಡರಲ್ಲಿ ಯಾವುದಾದರೂ ಧಾರಾಳ ಸಾಕು. ಧ್ವನಿಮುದ್ರಣ ಮಾಡುವವರು ವಿಂಡೋಸ್‌ನಲ್ಲಿ ಆರಿಸಿದ ಸಂಖ್ಯೆಯನ್ನೇ ತಮ್ಮ ತಂತ್ರಾಂಶದಲ್ಲೂ ಆರಿಸಬೇಕು.

ಅದೇ ಪುಟದಲ್ಲಿ ಆಡಿಯೊ ಎನ್‌ಹಾನ್ಸ್‌ಮೆಂಟ್ಸ್ ಆಫ್ ಮಾಡಿ. ಪವರ್ ಆಪ್ಷನ್ಸ್‌ನ ಮುಂದುವರಿದ ಆಯ್ಕೆಗಳಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ನಿಲ್ಲಿಸಿ. ಬ್ಯಾಟರಿ ಉಳಿಸಲು ವಿಂಡೋಸ್ ಯುಎಸ್‌ಬಿ ಸಾಧನಗಳನ್ನು ನಡುನಡುವೆ ಮಲಗಿಸುತ್ತದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಮಾತಾಡಿದಾಗ ಮೊದಲ ಪದ ನುಂಗಿಹೋಗುತ್ತಿದ್ದರೆ ಕಾರಣ ಇದಾಗಿರಬಹುದು.

ಅಪ್‌ಡೇಟನ್ನೇ ಹಿಂದೆಗೆಯುವುದು

ಮೇಲಿನ ಯಾವುದೂ ಫಲಿಸದೆ, ತೊಂದರೆ ಶುರುವಾದ ದಿನಕ್ಕೂ ಅಪ್‌ಡೇಟ್ ಬಂದ ದಿನಕ್ಕೂ ತಾಳೆಯಾದರೆ ಮಾತ್ರ ಈ ಹೆಜ್ಜೆ. ಮೊದಲು ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಹೊಸ ಅಪ್‌ಡೇಟ್ ಬಂದಿದೆಯೇ, ಐಚ್ಛಿಕ ಅಪ್‌ಡೇಟುಗಳ ಪಟ್ಟಿಯಲ್ಲಿ ಏನಾದರೂ ಇದೆಯೇ ನೋಡಿ. 2025ರ ಪ್ರಕರಣದಲ್ಲಿ ಪರಿಹಾರ ಮೊದಲು ಬಂದದ್ದು ಐಚ್ಛಿಕ ಅಪ್‌ಡೇಟಿನ ರೂಪದಲ್ಲೇ.

ಏನೂ ಇಲ್ಲದಿದ್ದರೆ ಅಪ್‌ಡೇಟ್ ಹಿಸ್ಟರಿಯಿಂದ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್‌ಗೆ ಹೋಗಿ ಬರೆದಿಟ್ಟುಕೊಂಡ ಕೆಬಿ ಸಂಖ್ಯೆಯದನ್ನು ತೆಗೆಯಬಹುದು. ತೆಗೆದ ಮೇಲೆ ಅದು ಮತ್ತೆ ಬಂದು ಕೂರದಂತೆ ಅಪ್‌ಡೇಟುಗಳನ್ನು ಕೆಲವು ವಾರ ತಡೆಹಿಡಿಯುವ ಸೌಲಭ್ಯವಿದೆ. ಆದರೆ ನೆನಪಿರಲಿ, ಸುರಕ್ಷತಾ ಅಪ್‌ಡೇಟ್ ತೆಗೆದರೆ ಆ ತಿಂಗಳ ರಕ್ಷಣೆಯೂ ಹೋಗುತ್ತದೆ. ಬ್ಯಾಂಕ್ ವ್ಯವಹಾರಕ್ಕೆ ಬಳಸುವ ಯಂತ್ರದಲ್ಲಿ ಇದನ್ನು ಮಾಡದಿರುವುದೇ ಒಳ್ಳೆಯದು, ಮಾಡಿದರೂ ಮುಂದಿನ ತಿಂಗಳ ಅಪ್‌ಡೇಟ್ ಬಂದ ತಕ್ಷಣ ಹಾಕಿಕೊಳ್ಳಿ. ವಿಂಡೋಸ್‌ನ ಆವೃತ್ತಿಯೇ ಬದಲಾಗುವ ದೊಡ್ಡ ಅಪ್‌ಡೇಟ್ ಆದರೆ ಹಳೆಯದಕ್ಕೆ ಮರಳಲು ಸಾಮಾನ್ಯವಾಗಿ 10 ದಿನ ಅವಕಾಶ ಇರುತ್ತದೆ. ಆಮೇಲೆ ಆ ದಾರಿ ಮುಚ್ಚಿಹೋಗುತ್ತದೆ.

ವಿಂಡೋಸ್ 11ಕ್ಕೆ ಬಂದವರಿಗೆ

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಾಗಿ 11ಕ್ಕೆ ಬಂದವರು ಬಹಳ ಜನ. ವಿಂಡೋಸ್ 11 ಇರುವುದು 64 ಬಿಟ್ ರೂಪದಲ್ಲಿ ಮಾತ್ರ. ಹಳೆಯ ಸಾಧನದ ಜೊತೆ ಬಂದ ಸಿ.ಡಿ.ಯಲ್ಲಿ 32 ಬಿಟ್ ಡ್ರೈವರ್ ಮಾತ್ರ ಇದ್ದರೆ ಅದು ಇಲ್ಲಿ ನಡೆಯುವುದಿಲ್ಲ. ಕೋರ್ ಐಸೊಲೇಷನ್‌ನ ಮೆಮೊರಿ ಇಂಟೆಗ್ರಿಟಿ ಎಂಬ ಕಾವಲು ಚಾಲೂ ಇದ್ದಾಗಲೂ ಕೆಲವು ಹಳೆಯ ಡ್ರೈವರುಗಳು ತಡೆಯಲ್ಪಡುತ್ತವೆ. ಕಾವಲು ತೆಗೆಯುವ ಬದಲು ಹೊಸ ಡ್ರೈವರ್ ಹುಡುಕಿ, ಅಥವಾ ಮೈಕ್ರೋಸಾಫ್ಟಿನ ಸಾಮಾನ್ಯ ಡ್ರೈವರ್ ಪ್ರಯತ್ನಿಸಿ.

ಮ್ಯಾಕ್ ಮತ್ತು ಲಿನಕ್ಸ್

ಈ ಕಷ್ಟ ವಿಂಡೋಸ್‌ನದು ಮಾತ್ರವಲ್ಲ. 2018ರಲ್ಲಿ ಬಂದ ಮ್ಯಾಕ್‌ಬುಕ್ ಏರ್, ಮ್ಯಾಕ್‌ಬುಕ್ ಪ್ರೊ, ಮ್ಯಾಕ್ ಮಿನಿಗಳಲ್ಲಿ ಯುಎಸ್‌ಬಿ ಧ್ವನಿ ತಡವರಿಸುತ್ತಿತ್ತು. ಆ್ಯಪಲ್ ಅದನ್ನು 2019ರ ಮಾರ್ಚ್‌ನ 10.14.4 ಅಪ್‌ಡೇಟಿನಲ್ಲಿ ಸುಧಾರಿಸಿತು. ಮ್ಯಾಕ್ ಬಳಸುವವರು ಆಡಿಯೊ ಮಿಡಿ ಸೆಟಪ್ ತೆರೆದು ಸಾಧನ ಕಾಣುತ್ತಿದೆಯೇ, ಹರ್ಟ್ಸ್ ಸಂಖ್ಯೆ ಸರಿಯಿದೆಯೇ ನೋಡಲಿ. ಪ್ರೈವಸಿ ಪುಟದಲ್ಲಿ ಮೈಕಿನ ಅನುಮತಿಯನ್ನೂ ನೋಡಲಿ. ಹೊಸ ಚಿಪ್ಪಿನ ಮ್ಯಾಕ್‌ಬುಕ್‌ಗಳಲ್ಲಿ ಹೊಸ ಯುಎಸ್‌ಬಿ ಸಾಧನ ಚುಚ್ಚಿದಾಗ ಅನುಮತಿ ಕೇಳುವ ಪ್ರಶ್ನೆ ಬರುತ್ತದೆ. ಅದಕ್ಕೆ ಒಪ್ಪಿಗೆ ಕೊಡದಿದ್ದರೆ ಸಾಧನ ಕೆಲಸ ಮಾಡುವುದಿಲ್ಲ.

2011ರಲ್ಲಿ ತಮಿಳುನಾಡು ಸರ್ಕಾರ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಕೊಡಲು ಶುರುಮಾಡಿತು. ಅಂಥ ಹಳೆಯ ಯಂತ್ರಗಳಿಗೆ ಲಿನಕ್ಸ್ ಮತ್ತೆ ಜೀವ ಕೊಡಬಲ್ಲದು. ಲಿನಕ್ಸ್‌ನಲ್ಲಿ ಧ್ವನಿಯ ವ್ಯವಸ್ಥೆಯೇ ಈಚೆಗೆ ಬದಲಾಗಿದೆ. 2021ರಲ್ಲಿ ಫೆಡೊರಾ 34, 2022ರಲ್ಲಿ ಉಬುಂಟು 22.10 ಪಲ್ಸ್‌ಆಡಿಯೊ ಬಿಟ್ಟು ಪೈಪ್‌ವೈರ್‌ಗೆ ಬಂದವು. ಆವೃತ್ತಿ ಬದಲಿಸಿದ ಮೇಲೆ ಸದ್ದು ಹೋದರೆ ಧ್ವನಿ ಆಯ್ಕೆಗಳಲ್ಲಿ ಸಾಧನದ ಪ್ರೊಫೈಲ್ ಬದಲಿಸಿ ನೋಡಿ. ಯಂತ್ರ ಶುರುವಾಗುವಾಗ ಬರುವ ಗ್ರಬ್ ಪಟ್ಟಿಯಲ್ಲಿ ಮುಂದುವರಿದ ಆಯ್ಕೆಗಳಿಗೆ ಹೋಗಿ, ವ್ಯವಸ್ಥೆಯ ತಿರುಳಾದ ಕರ್ನಲ್‌ನ ಹಳೆಯ ಆವೃತ್ತಿ ಆರಿಸಿ. ಅದರಲ್ಲಿ ಸದ್ದು ಬಂದರೆ ತಪ್ಪು ಹೊಸ ಕರ್ನಲ್‌ನದು. ಸರಿಪಡಿಸಿದ ಆವೃತ್ತಿ ಬರುವವರೆಗೆ ಹಳೆಯದರಲ್ಲೇ ಕೆಲಸ ಸಾಗಿಸಬಹುದು.

ಅಂಗಡಿಗೆ ಕೊಡುವ ಮುನ್ನ

ಎಲ್ಲ ಮುಗಿಸಿಯೂ ಸರಿಹೋಗದಿದ್ದರೆ ಊರಿನಲ್ಲೋ ಧರ್ಮಪುರಿಯಲ್ಲೋ ಬಲ್ಲವರಿಗೆ ತೋರಿಸಿ. ಹೋಗುವಾಗ ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಂಡು ಹೋಗಿ: ಸದ್ದು ನಿಂತ ದಿನ, ವಿಂಡೋಸ್ ಆವೃತ್ತಿ, ಕೊನೆಯ ಅಪ್‌ಡೇಟಿನ ಕೆಬಿ ಸಂಖ್ಯೆ, ಡಿವೈಸ್ ಮ್ಯಾನೇಜರಿನ ಕೋಡ್, ಮೊಬೈಲಿನಲ್ಲಿ ಸಾಧನ ಕೆಲಸ ಮಾಡಿತೇ ಇಲ್ಲವೇ. ಇಷ್ಟು ವಿವರ ಕೈಯಲ್ಲಿದ್ದರೆ ಅವರ ಸಮಯವೂ ನಿಮ್ಮ ದುಡ್ಡೂ ಉಳಿಯುತ್ತವೆ, ಮದರ್‌ಬೋರ್ಡ್ ಹೋಗಿದೆ ಎಂಬ ಅವಸರದ ತೀರ್ಪನ್ನೂ ನೀವು ಪ್ರಶ್ನಿಸಬಹುದು.

ಮುಂದಿನ ಅಪ್‌ಡೇಟಿಗೂ ತಯಾರಾಗಿರಿ. ಸಂದರ್ಶನ, ಪರೀಕ್ಷೆ, ಮುಖ್ಯ ಸಭೆಯ ಹಿಂದಿನ ರಾತ್ರಿ ಅಪ್‌ಡೇಟ್ ಮಾಡಬೇಡಿ. ಎರಡನೇ ಮಂಗಳವಾರದ ವಾರದಲ್ಲಿ ಅಂಥ ಕೆಲಸವಿದ್ದರೆ ಒಂದು ವಾರ ತಡೆಹಿಡಿಯಿರಿ. ದುಂಡು ಪಿನ್ನಿನ ಒಂದು ಸಾದಾ ಇಯರ್‌ಫೋನನ್ನು ಮನೆಯಲ್ಲಿ ಇಟ್ಟುಕೊಳ್ಳಿ, ಯುಎಸ್‌ಬಿ ಕೈಕೊಟ್ಟ ದಿನ ಅದು ಕೈಹಿಡಿಯುತ್ತದೆ.

ಹಿರಿಯರ ಹಾಡು, ಕತೆ, ಮಾತುಗಳನ್ನು ದಾಖಲಿಸಿಟ್ಟಿರುವ ಮನೆಗಳವರು ಇದೊಂದನ್ನು ತಪ್ಪದೆ ಮಾಡಬೇಕು. ಅಪ್‌ಡೇಟಿಗೆ ಮೊದಲು, ರಿಪೇರಿಗೆ ಮೊದಲು, ಆ ಕಡತಗಳ ಒಂದು ಪ್ರತಿಯನ್ನು ಪೆನ್‌ಡ್ರೈವಿಗೂ ಇನ್ನೊಂದನ್ನು ಬೇರೆ ಕಡೆಗೂ ನಕಲು ಮಾಡಿ. ಡ್ರೈವರ್ ಮತ್ತೆ ಹಾಕಬಹುದು, ಹೆಡ್‌ಸೆಟ್ ಮತ್ತೆ ಕೊಳ್ಳಬಹುದು. ಆ ದನಿಗಳನ್ನು ಮತ್ತೆ ದಾಖಲಿಸಲು ಎಲ್ಲರಿಗೂ ಅವಕಾಶ ಸಿಗುವುದಿಲ್ಲ. ಸದ್ದಿನ ತೊಂದರೆಗೆ ಫಾರ್ಮ್ಯಾಟ್ ಮಾಡೋಣ ಎಂದು ಯಾರೇ ಹೇಳಲಿ, ನಕಲು ಆಗುವವರೆಗೆ ಯಂತ್ರ ಕೊಡಬೇಡಿ.